ಹಾಲು ಕರೆಯುವ ಯಂತ್ರ: ಕೊಳವೆ ಜೋಡಣೆ ಸರಿಯಿರಲಿ



ರಾಯಚೂರು, ದೇವದುರ್ಗ, ಮಾನ್ವಿ ಕಡೆ ಕೊಟ್ಟಿಗೆಗೆ ಹಾಲು ಕರೆಯುವ ಯಂತ್ರ ಕೂಡಿಸುವವರು ಪಂಪಿನಷ್ಟೇ ಕೊಳವೆಗೂ ಗಮನ ಕೊಡಬೇಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯನ್ನು ತಳ್ಳುತ್ತದೆ. ಈ ಪಂಪು ಎಳೆಯುತ್ತದೆ. ಸೋರಿಕೆಯಿಂದ ಎಳೆತ ಏರಿಳಿದರೆ ಬಟ್ಟಲು ಜಾರಿ, ಹಾಲಿನ ಹನಿ ಮೊಲೆತೊಟ್ಟಿಗೆ ಹಿಂದಕ್ಕೆ ಚಿಮ್ಮುತ್ತದೆ. ಅದರೊಡನೆ ರೋಗಾಣು ಒಳಹೊಕ್ಕು ಕೆಚ್ಚಲು ಬಾವು ಬರಬಹುದು.

1. ಕೊಳವೆ ನೇರವಾಗಿರಲಿ, ಎಲ್ಬೋ ಕಡಿಮೆಯಿರಲಿ. 10 ಅಡಿಗೆ ಸುಮಾರು ಒಂದೂಕಾಲು ಅಂಗುಲ ಇಳಿಜಾರು ಕೊಟ್ಟು, ತಗ್ಗಿನ ತುದಿಯಲ್ಲಿ ನೀರು ಬಸಿಯುವ ನಲ್ಲಿ ಇಡಿರಿ.

2. ಯಂತ್ರಕ್ಕೆ ಜೋಡಿಸುವ ನಲ್ಲಿಗಳು ಕೊಳವೆಯ ಮೇಲ್ಭಾಗದಲ್ಲಿರಲಿ. ಕೆಳಗಿದ್ದರೆ ಒಳಗಿನ ನೀರು, ಕಸ ಪಲ್ಸೇಟರಿಗೆ ಇಳಿಯುತ್ತದೆ.

3. ಗೇಜು ಕರೆಯುವವರ ಕಣ್ಣೆದುರಿಗೆ ಇರಲಿ. ಆಕಳುಗಳಿಗೆ ಎಳೆತ ಸಾಮಾನ್ಯವಾಗಿ 40ರಿಂದ 50 ಕಿಲೋಪ್ಯಾಸ್ಕಲ್, ಅಂದರೆ ಪಾದರಸದ 30ರಿಂದ 38 ಸೆಂ.ಮೀ. ನಿಮ್ಮ ಯಂತ್ರಕ್ಕೆ ತಯಾರಕರು ಹೇಳಿದ ಮಟ್ಟವನ್ನೇ ಪಾಲಿಸಿರಿ.

4. ಪಿ.ವಿ.ಸಿ. ಕೊಳವೆಯನ್ನು ನಮ್ಮ ಬಿಸಿಲಿಗೆ ಒಡ್ಡಬೇಡಿರಿ. ಅದನ್ನು ಕಂಪ್ರೆಸರಿಗಂತೂ ಬಳಸಲೇಬೇಡಿರಿ. ಸಿಡಿದರೆ ಚೂರುಗಳು ಗಾಯ ಮಾಡುತ್ತವೆ.

ಪಂಪು ನಡೆಯುವಾಗ ಜೋಡಣೆಗಳಿಗೆ ಸಾಬೂನಿನ ನೊರೆ ಹಚ್ಚಿರಿ. ಟ್ಯೂಬಿನಂತೆ ಗುಳ್ಳೆ ಏಳುವುದಿಲ್ಲ. ನೊರೆ ಒಳಗೆ ಎಳೆದುಕೊಂಡರೆ ಅಲ್ಲಿ ಸೋರಿಕೆಯಿದೆ.

ಒಂದು ಮೊಲೆ ಕೆಟ್ಟರೆ, ಯಂತ್ರದಿಂದ ಉಳಿದ ಕೂಲಿ ಔಷಧಕ್ಕೇ ಹೋದೀತು. ಆದ್ದರಿಂದ ಕೊಳವೆಯನ್ನು ಮೊದಲೇ ಸರಿಯಾಗಿ ಕೂಡಿಸಿರಿ.