ನಿಮಗಿದು ಗೊತ್ತೇ? ಬಯಲೇ ಚಿತ್ರಪಟ!

ಮರುಭೂಮಿಯಲ್ಲಿ ಬರೀ ಮಣ್ಣು, ಕಲ್ಲು, ಕಾಂಕ್ರೀಟಿನ ಒಂದು ‘ಊರು’. ಅಲ್ಲಿ ಮನೆಯಿಲ್ಲ, ಮಂದಿಯಿಲ್ಲ. ಅಷ್ಟೂ ಕಲಾಕೃತಿ! ಅಮೆರಿಕದ ಮೈಕೆಲ್ ಹೈಜರ್ ನೆವಾಡಾದಲ್ಲಿ 1970ರಲ್ಲಿ ಇದನ್ನು ಶುರು ಮಾಡಿದರು. ಹೆಸರು ‘ಸಿಟಿ’. ಉದ್ದ ಸುಮಾರು ಎರಡೂವರೆ ಕಿಲೋಮೀಟರ್. ಜನರಿಗೆ ತೆರೆದದ್ದು 2022ರಲ್ಲಿ. ಅದೂ ದಿನಕ್ಕೆ ಆರೇ ಮಂದಿಗೆ!

ನಮ್ಮ ಬ್ಯಾಡಗಿಯಲ್ಲಿ ಅಂಥ ಲೆಕ್ಕವಿಲ್ಲ, ಯಾರು ಬೇಕಾದರೂ ನೋಡಬಹುದು. ಸುಗ್ಗಿಯಲ್ಲಿ ಊರ ಸುತ್ತಲಿನ ಬಯಲೆಲ್ಲ ಕೆಂಪೋ ಕೆಂಪು. ಹರವಿದ್ದು ಮೆಣಸಿನಕಾಯಿ. ಚಿತ್ರ ಬಿಡಿಸಲಿಕ್ಕಲ್ಲ, ಒಣಗಲಿಕ್ಕೆ! ಕರವಸ್ತ್ರ ಮರೆಯಬೇಡಿ. ಕಣ್ಣು ತುಂಬುವ ಮೊದಲೇ ಘಾಟು ಮೂಗಿಗೇರುತ್ತದೆ. ಆಕ್ಷೀ!

ಅಷ್ಟು ಕೆಂಪಿದ್ದರೆ ಖಾರ ಎಷ್ಟಿರಬೇಕು ಅಂದಿರಾ? ಅಲ್ಲೇ ಇರುವುದು ತಮಾಷೆ. ಈ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ! ಮೈಯೆಲ್ಲ ಸುಕ್ಕು ಬೇರೆ. ತೆಳ್ಳಗೆ ಉದ್ದ ಇದ್ದರೆ ‘ಕಡ್ಡಿ’, ಗಿಡ್ಡಗೆ ದಪ್ಪ ಇದ್ದರೆ ‘ಡಬ್ಬಿ’. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು.

ಇದರಿಂದ ತೆಗೆದ ಕೆಂಪು ಸಾರ ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. ತುಟಿ ಮಾತ್ರ ಉರಿಯುವುದಿಲ್ಲ!

ಕಲಾಕೃತಿಯೇ ಮಾಯವಾದದ್ದು ಕೇಳಿದ್ದೀರಾ? 1970ರಲ್ಲೇ ರಾಬರ್ಟ್ ಸ್ಮಿತ್ಸನ್ ಯೂಟಾದ ಉಪ್ಪು ಸರೋವರದೊಳಕ್ಕೆ ಕಲ್ಲುಮಣ್ಣಿನ ಸುರುಳಿ ದಾರಿ ಕಟ್ಟಿದರು. ಉದ್ದ 1,500 ಅಡಿ. ಕೆಲವೇ ವರ್ಷಕ್ಕೆ ನೀರೇರಿತು, ಸುರುಳಿ ಮುಳುಗಿತು! ಹತ್ತಾರು ವರ್ಷ ಕಳೆದು ಬರ ಬಂದಾಗ ಮತ್ತೆ ಎದ್ದಿತು, ಮೈತುಂಬ ಉಪ್ಪು ಬಳಿದುಕೊಂಡು.

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಗೆ ಹೋದರೆ ಹುಷಾರು! ದಾರಿ ಕೇಳಲು ನೀವು ಮಾತಾಡಿಸಿದ ಅಜ್ಜ ಗೊಂಬೆಯಾಗಿರಬಹುದು. ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಶಿಲ್ಪಗಳಿವೆ. ಹಳ್ಳಿಗೆ ಹಳ್ಳಿಯೇ ಅಲ್ಲಿದೆ, ಉಸಿರೊಂದು ಬಿಟ್ಟು!

ಕೊನೆಗೊಬ್ಬ ಕಲಾವಿದ, ಕೊಂಬಿರುವವನು. ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳಿಗೆಂದೇ 1974ರಲ್ಲಿ ಆದ ಅಭಯಾರಣ್ಯವಿದೆ, ವಿಸ್ತಾರ 119 ಚದರ ಕಿಲೋಮೀಟರ್. ಗಂಡು ಚಿಗರಿ ತನ್ನ ಸರಹದ್ದಿಗೆ ಬಾಂದುಕಲ್ಲು ನೆಡುವುದಿಲ್ಲ, ಬೇಲಿ ಹಾಕುವುದಿಲ್ಲ. ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ. ಗುಡ್ಡೆಯಾಯಿತೋ, ‘ಇದು ನನ್ನದು’ ಎಂಬ ಬೋರ್ಡು ಬಿತ್ತು! ಅಲ್ಲಿ ಓಡಾಡುವಾಗ ಕಾಲಕೆಳಗೆ ನೋಡಿಕೊಳ್ಳಿ. ಬೋರ್ಡು ತುಳಿದೀರಿ!