ಗದ್ದದ ಮೇಲಿನ ಕೂದಲು: ಮೊದಲು ಕಾರಣ, ಆಮೇಲೆ ಯಂತ್ರ

ಕೊಯಮತ್ತೂರಿನಿಂದ ಪೊಳ್ಳಾಚಿಗೆ ಹೋಗುವ ದಾರಿಯಲ್ಲಿ ಸಿಗುವ ಊರು ಕಿಣತ್ತುಕಡವು. ಈ ಸೀಮೆಯ ದೇವಾಂಗ, ಒಕ್ಕಲಿಗ ಕುಟುಂಬಗಳಲ್ಲಿ ಮನೆಮಾತಾಗಿ ಕನ್ನಡ ಇಂದಿಗೂ ಉಳಿದಿದೆ. ಸ್ನಾನಕ್ಕೆ ಮುನ್ನ ಮುಖಕ್ಕೆ ಅರಿಶಿನ ತಿಕ್ಕುವುದು ಇಲ್ಲಿ ತಮಿಳರಿಗೂ ಕನ್ನಡಿಗರಿಗೂ ಒಂದೇ ರೂಢಿ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಈರೋಡಿನ ಅರಿಶಿನ ನೆರೆಯದೇ ಬೆಳೆ. ಹುಡುಗಿಯ ತುಟಿಯ ಮೇಲೆ ಕೂದಲು ಕಂಡರೆ ಅಜ್ಜಿ ಹೇಳುವ ಮೊದಲ ಮದ್ದೂ ಅರಿಶಿನವೇ: ಕಡಲೆಹಿಟ್ಟಿನ ಜೊತೆ ಕಸ್ತೂರಿ ಅರಿಶಿನ.

ದಿನವೂ ತಿಕ್ಕಿದರೆ ನವಿರುಗೂದಲು ಒಂದಿಷ್ಟು ಕಿತ್ತು ಬರಬಹುದು. ಗದ್ದದ ಮೇಲೆ ಕಪ್ಪಗೆ, ಗಡುಸಾಗಿ ಬೆಳೆಯುವ ಕೂದಲಿನ ಬುಡ ಅದಕ್ಕೆ ಜಗ್ಗದು. ಅಲ್ಲಿಂದ ಪಾರ್ಲರಿನ ದಾರದ ಕಡೆಗೆ, ಆಮೇಲೆ ಕೊಯಮತ್ತೂರಿನ ಲೇಸರ್ ಕ್ಲಿನಿಕ್ಕುಗಳ ಕಡೆಗೆ ಪಯಣ. ಈ ನಡುವೆ ಕೇಳಲೇಬೇಕಾದ ಒಂದು ಪ್ರಶ್ನೆ ಹಲವು ಮನೆಗಳಲ್ಲಿ ಬಾಯಿಗೇ ಬರುವುದಿಲ್ಲ: ಈ ಕೂದಲು ಏಕೆ ಬಂತು?

ಮುಟ್ಟಿನ ಲೆಕ್ಕ ಕೇಳಿ

ಮನೆತನದಲ್ಲೇ ಹರಿದು ಬಂದ ಕೂದಲಿಗೆ ಹೆದರಬೇಕಿಲ್ಲ. ಆದರೆ ಗಡುಸು ಕೂದಲಿನ ಜೊತೆ ಮುಟ್ಟು ತಪ್ಪುತ್ತಿದ್ದರೆ, ಮೊಡವೆ ಹೆಚ್ಚಿದ್ದರೆ, ಹಾರ್ಮೋನು ಏರುಪೇರಾಗುವ ಪಿಸಿಓಎಸ್ ಎಂಬ ತೊಂದರೆ ಇದೆಯೇ ಎಂದು ನೋಡಿಸಬೇಕು. 1935ರಲ್ಲಿ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ಅಮೆರಿಕದ ವೈದ್ಯರು ವಿವರಿಸಿದ ಈ ತೊಂದರೆ ಮುಂದೆ ಸಕ್ಕರೆ ಕಾಯಿಲೆಗೂ ದಾರಿ ಮಾಡಬಲ್ಲದು. ಕೆಲವೇ ತಿಂಗಳಲ್ಲಿ ಕೂದಲು ಒತ್ತಾಗಿ ಬೆಳೆದು, ದನಿಯೂ ಗಡುಸಾದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಅಪರೂಪಕ್ಕೆ ಅಂಡಾಶಯದ ಅಥವಾ ಅಡ್ರಿನಲ್ ಗ್ರಂಥಿಯ ಗಡ್ಡೆ ಹೀಗೆ ಸುಳಿವು ಕೊಡುತ್ತದೆ. ಹಾರ್ಮೋನು ಹದಕ್ಕೆ ಬಾರದೆ ಬರೀ ಕೂದಲು ತೆಗೆಸಿದರೆ ಹೊಸದು ಮೂಡುತ್ತಲೇ ಇರುತ್ತದೆ. ಹಾರ್ಮೋನನ್ನು ಹದಕ್ಕೆ ತರಲು ವೈದ್ಯರು ಕೊಡುವ ಮಾತ್ರೆಯ ಗುಣ ಕಾಣಲು ಆರು ತಿಂಗಳಾದರೂ ಬೇಕು. ಕೆಲವು ಮಾತ್ರೆಗಳು ಗರ್ಭಿಣಿಯರಿಗೆ ಸಲ್ಲವು.

ನಮ್ಮ ಮೈಬಣ್ಣಕ್ಕೆ ಯಾವುದು?

ಬ್ಲೇಡಿನಿಂದ ಬೋಳಿಸಿದರೆ ಕೂದಲು ದಪ್ಪವಾಗುತ್ತದೆ ಎಂಬ ಭಯ ಸುಳ್ಳು. 1928ರಲ್ಲೇ ಮಿಲ್ಡ್ರೆಡ್ ಟ್ರಾಟರ್ ಎಂಬ ಸಂಶೋಧಕಿ ಇದನ್ನು ಅಳೆದು ತೋರಿಸಿದರು. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ಒರಟು, ಅಷ್ಟೆ. ದಾರ, ವ್ಯಾಕ್ಸ್ ಬುಡದಿಂದ ಕೀಳುತ್ತವೆ, ವಾರಗಳ ಬಿಡುವು ಕೊಡುತ್ತವೆ. ಆದರೆ ಗೋಧಿವರ್ಣದ, ಕಪ್ಪು ಚರ್ಮದಲ್ಲಿ ಸಣ್ಣ ಉರಿಯೂ ಕಲೆಯಾಗಿ ತಿಂಗಳುಗಟ್ಟಲೆ ಉಳಿಯಬಹುದು.

ಲೇಸರಿನ ವಿಷಯದಲ್ಲಿ ಮೈಬಣ್ಣ ಇನ್ನೂ ಮುಖ್ಯ. 1983ರಲ್ಲಿ ಆಂಡರ್ಸನ್ ಮತ್ತು ಪ್ಯಾರಿಶ್ ಎಂಬ ಸಂಶೋಧಕರು ಮಂಡಿಸಿದ ತತ್ವದಂತೆ, ಬೆಳಕನ್ನು ಕೂದಲಿನ ಕಪ್ಪು ಹೀರುತ್ತದೆ, ಆ ಕಾವಿಗೆ ಬುಡ ಸುಡುತ್ತದೆ. ಚರ್ಮದಲ್ಲೂ ಅದೇ ಕಪ್ಪಿದೆ. ಆದ್ದರಿಂದ ನಮ್ಮ ಬಣ್ಣಕ್ಕೆ ಆಳಕ್ಕಿಳಿಯುವ 1064 ನ್ಯಾನೋಮೀಟರ್ ತರಂಗಾಂತರದ ಎನ್‌ಡಿ-ಯಾಗ್ ಲೇಸರ್ ಹೆಚ್ಚು ಕ್ಷೇಮ. ಪಳಗಿದ ಕೈಯಲ್ಲಿ 810ರ ಡಯೋಡೂ ನಡೆಯುತ್ತದೆ. ಬೆಳೆಯುವ ಹಂತದ ಕೂದಲಷ್ಟೇ ಸಾಯುವುದರಿಂದ ಹಲವು ಬಾರಿ ಹೋಗಬೇಕು. ಲೇಸರಿನಿಂದ ಕೂದಲು ಕಡಿಮೆಯಾಗುತ್ತದೆ, ಪೂರ್ತಿ ಅಳಿಯುವುದಿಲ್ಲ. ಕೆಲವರ ಕೆನ್ನೆ, ಕತ್ತಿನಲ್ಲಿ ಕೂದಲು ಹೆಚ್ಚಿದ್ದೂ ಉಂಟು. ನರೆಗೂದಲಿಗೆ ಲೇಸರ್ ತಾಗದು. ಅದಕ್ಕೆ ಒಂದೊಂದೇ ಬುಡಕ್ಕೆ ಸೂಜಿಯಿಂದ ವಿದ್ಯುತ್ ಹಾಯಿಸುವ ಎಲೆಕ್ಟ್ರಾಲಿಸಿಸ್ ಬೇಕು. 1875ರಲ್ಲಿ ಕಣ್ಣಿನ ವೈದ್ಯ ಚಾರ್ಲ್ಸ್ ಮಿಶೆಲ್ ಒಳಮುಖವಾಗಿ ಬೆಳೆದ ರೆಪ್ಪೆಗೂದಲಿಗೆ ಬಳಸಿದ ವಿಧಾನವದು.

ಅವಸರದ ಬೆಲೆ

ನಾಚಿಕೆಯನ್ನು ಬಂಡವಾಳ ಮಾಡಿಕೊಂಡ ವ್ಯಾಪಾರ ಹಳೆಯದು. 1920ರ ದಶಕದಲ್ಲಿ ಅಮೆರಿಕದ ಸಲೂನುಗಳು ಎಕ್ಸ್‌ರೇ ಹಾಯಿಸಿ ಕೂದಲು ತೆಗೆದವು. ವರ್ಷಗಳ ನಂತರ ಹಲವು ಹೆಂಗಸರಿಗೆ ಚರ್ಮದ ಕ್ಯಾನ್ಸರ್ ಬಂತು. 1930ರ ದಶಕದ ಆರಂಭದಲ್ಲಿ ಕೋರೆಮ್ಲು ಎಂಬ ಕೂದಲು ತೆಗೆಯುವ ಕ್ರೀಮಿನಲ್ಲಿದ್ದ ಥ್ಯಾಲಿಯಂ ವಿಷ, ಅದನ್ನು ಬಳಸಿದವರ ನರಗಳನ್ನೇ ಕೆಡಿಸಿತು.

ಹಾಗಾಗಿ ಮುಂಗಡ ಕಟ್ಟುವ ಮುನ್ನ ಕೇಳಿ: ಯಂತ್ರ ಯಾವುದು, ಅದನ್ನು ಹಿಡಿಯುವವರು ಯಾರು, ಮೊದಲು ಸಣ್ಣ ಜಾಗದಲ್ಲಿ ಪರೀಕ್ಷೆ ಮಾಡುತ್ತಾರೆಯೇ? ಕಾಸು ಕಡಿಮೆಯಿದ್ದರೆ ಸರ್ಕಾರಿ ಆಸ್ಪತ್ರೆಯ ಚರ್ಮ ವಿಭಾಗದಿಂದಲೇ ಶುರುಮಾಡಿ. ತಾಯಂದಿರು ಮಗಳ ಮುಖ ನೋಡಿ ಮದುವೆಯ ಚಿಂತೆ ಮಾಡುವ ಮೊದಲು ಅವಳ ಆರೋಗ್ಯ ವಿಚಾರಿಸಲಿ. ಪರೀಕ್ಷೆಯಲ್ಲಿ ದೋಷವಿಲ್ಲವೆಂದಾದರೆ, ಕೂದಲು ತೆಗೆಯುವುದೂ ಹಾಗೆಯೇ ಬಿಡುವುದೂ ಅವಳಿಗೆ ಸೇರಿದ್ದು.