ಚಲಿಸುವ ಚಿತ್ರಗಳ ವಿದ್ಯೆಗೆ ಶಾಲೆ ಯಾವುದು?

ಮಕ್ಕಳ ವಿದ್ಯಾಭ್ಯಾಸದ ವಿಷಯದಲ್ಲಿ ಗೃಹಸ್ಥರಿಗೆ ಒದಗುವ ಚಿಂತೆಗಳು ಒಂದೆರಡಲ್ಲ. ಮಗನು ವೈದ್ಯನಾಗುವೆನೆಂದೋ ಎಂಜಿನಿಯರನಾಗುವೆನೆಂದೋ ಹೇಳಿದರೆ ದಾರಿ ತೋರಿಸಬಲ್ಲವರು ಬಂಧುಬಳಗದಲ್ಲಿಯೇ ದೊರೆಯುವರು. ಮಗಳು ಅನಿಮೇಷನ್ ಕಲಿಯುವೆನೆಂದರೆ ಮಾತ್ರ ಮನೆಯ ಹಿರಿಯರು ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳಬೇಕಾಗುವುದು. ಇದು ವಿದ್ಯೆಯೋ ವಿನೋದವೋ? ಇದಕ್ಕೆ ಶಾಲೆಗಳುಂಟೆ? ಉಂಟಾದರೆ ಯಾವುದಕ್ಕೆ ಸೇರಿಸುವುದು ಲೇಸು? ಎಳೆಯರ ಆಯುಸ್ಸಿನ ಮೂರು ನಾಲ್ಕು ವರ್ಷಗಳೂ ತಂದೆತಾಯಿಗಳ ಗಳಿಕೆಯ ದೊಡ್ಡದೊಂದು ಭಾಗವೂ ಈ ತೀರ್ಮಾನದ ಮೇಲೆ ನಿಂತಿರುವುದರಿಂದ, ಸ್ವಲ್ಪ ನಿಧಾನವಾಗಿ ವಿಚಾರ ಮಾಡುವುದು ಅವಶ್ಯ.

ಮೊದಲು ಈ ಕಲೆಯ ಸ್ವರೂಪವನ್ನು ತಿಳಿಯೋಣ. ಚಲಚ್ಚಿತ್ರದ ತೆರೆಯ ಮೇಲೆ ಒಂದು ಸೆಕೆಂಡಿಗೆ 24 ಚಿತ್ರಗಳು ಹಾಯ್ದು ಹೋಗುತ್ತವೆ. ಒಂದೊಂದು ರೇಖಾಚಿತ್ರವನ್ನು ಎರಡೆರಡು ಸಲ ತೋರಿಸುವ ರೂಢಿಯಂತೆ ಲೆಕ್ಕ ಹಾಕಿದರೂ, ಒಂದು ನಿಮಿಷದ ಆಟಕ್ಕೆ 720 ಚಿತ್ರಗಳು ಬೇಕು. ಆದರೆ ಎಣಿಕೆಗಿಂತ ಕಠಿನವಾದದ್ದು ಜೀವ ತುಂಬುವ ಕೆಲಸ. ತುಂಬಿದ ಕೊಡವನ್ನು ಹೊತ್ತವಳ ನಡಿಗೆಗೂ ಬರಿಯ ಕೊಡವನ್ನು ಹೊತ್ತವಳ ನಡಿಗೆಗೂ ಇರುವ ಭೇದವನ್ನು ಕಣ್ಣು ಗ್ರಹಿಸಬೇಕು, ಕೈ ಬರೆಯಬೇಕು. ಇಂದು ಬಹುಮಟ್ಟಿನ ಕೆಲಸವು ಕಂಪ್ಯೂಟರಿನ ಮೇಲೆಯೇ ನಡೆಯುವುದು ನಿಜ. ಆದರೂ ಯಾವ ಚಲನೆ ಸಹಜ, ಯಾವುದು ಕೃತಕ ಎಂಬ ವಿವೇಚನೆ ಕಲಾವಿದನದೇ. ತಂತ್ರಾಂಶಗಳು ಕೆಲವೇ ವರ್ಷಗಳಲ್ಲಿ ಹಳತಾಗುವುವು. ನೋಡುವ ಕಣ್ಣು ಹಳತಾಗುವುದಿಲ್ಲ. ಆದುದರಿಂದ ಶಾಲೆಯ ಆಯ್ಕೆಯಲ್ಲಿ ಮೊದಲು ಕೇಳತಕ್ಕ ಪ್ರಶ್ನೆಯು ಅಲ್ಲಿ ಎಷ್ಟು ಯಂತ್ರಗಳಿವೆ ಎಂಬುದಲ್ಲ, ನೋಡುವುದನ್ನೂ ಬರೆಯುವುದನ್ನೂ ಅಲ್ಲಿ ಎಷ್ಟು ಕಲಿಸುವರು ಎಂಬುದು.

ಇದಕ್ಕೆ ಚರಿತ್ರೆಯ ಸಾಕ್ಷ್ಯವೂ ಉಂಟು. 1956ರಲ್ಲಿ ಡಿಸ್ನಿ ಚಿತ್ರಶಾಲೆಯಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ ಎಂಬವರು ಮುಂಬಯಿಯ ಫಿಲ್ಮ್ಸ್ ಡಿವಿಜನ್ನಿಗೆ ಬಂದು ನಮ್ಮ ತರುಣರಿಗೆ ಈ ವಿದ್ಯೆಯನ್ನು ಹೇಳಿಕೊಟ್ಟರು. ಜಾತಕ ಕಥೆಯೊಂದನ್ನು ಆಧರಿಸಿದ ‘ದಿ ಬನಿಯನ್ ಡೀರ್’ ಎಂಬ ಚಿತ್ರವು ಆ ಶಿಕ್ಷಣದ ಫಲ. ಅಲ್ಲಿ ಕಲಿತ ರಾಮಮೋಹನರು ರಸಾಯನಶಾಸ್ತ್ರದ ಪದವೀಧರರು. ಮುಂದೆ 1992ರಲ್ಲಿ ಜಪಾನಿನವರೊಡನೆ ಕೂಡಿ ತಯಾರಾದ ರಾಮಾಯಣದ ಚಿತ್ರಕ್ಕೆ ಸಹನಿರ್ದೇಶಕರಾದರು. ಅಮೆರಿಕದಲ್ಲಿ ಕ್ಯಾಲ್‌ಆರ್ಟ್ಸ್ ಸಂಸ್ಥೆಯು 1975ರಲ್ಲಿ ಪಾತ್ರಾಭಿನಯದ ಅನಿಮೇಷನ್ನಿಗೆಂದು ಪ್ರತ್ಯೇಕ ವಿಭಾಗವನ್ನು ತೆರೆದಾಗ, ಡಿಸ್ನಿಯ ಅನುಭವಿಗಳು ಅಲ್ಲಿ ಪೆನ್ಸಿಲಿನಿಂದಲೇ ಪಾಠ ಹೇಳಿದರು. ಆಗಿನ ವಿದ್ಯಾರ್ಥಿಗಳಲ್ಲೊಬ್ಬರಾದ ಜಾನ್ ಲ್ಯಾಸೆಟರ್ ಎಂಬವರೇ ಇಪ್ಪತ್ತು ವರ್ಷಗಳ ತರುವಾಯ, 1995ರಲ್ಲಿ, ಸಂಪೂರ್ಣವಾಗಿ ಕಂಪ್ಯೂಟರಿನಿಂದ ರಚಿತವಾದ ಮೊತ್ತಮೊದಲ ದೀರ್ಘಚಿತ್ರ ‘ಟಾಯ್ ಸ್ಟೋರಿ’ಯನ್ನು ನಿರ್ದೇಶಿಸಿದರು.

ಇನ್ನು ನಮ್ಮ ದೇಶದ ಶಾಲೆಗಳನ್ನು ನೋಡೋಣ. 1961ರಲ್ಲಿ ಸ್ಥಾಪಿತವಾದ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅನಿಮೇಷನ್ ಚಿತ್ರ ವಿನ್ಯಾಸವು ಒಂದು ಪ್ರಮುಖ ವಿಭಾಗ. ಪಿ.ಯು.ಸಿ. ಮುಗಿಸಿದವರು ಪ್ರವೇಶ ಪರೀಕ್ಷೆಯಲ್ಲಿ ಗೆದ್ದು ನಾಲ್ಕು ವರ್ಷದ ಪದವಿಗೆ ಸೇರಬಹುದು. ಮುಂಬಯಿಯ ಐಐಟಿಯಲ್ಲಿ 1969ರಲ್ಲಿ ಆರಂಭವಾದ ಐಡಿಸಿ ವಿನ್ಯಾಸ ಶಾಲೆಯು ಪದವೀಧರರಿಗೆ ಅನಿಮೇಷನ್ನಿನಲ್ಲಿ ಸ್ನಾತಕೋತ್ತರ ಶಿಕ್ಷಣ ಕೊಡುತ್ತದೆ. ಸೀಡ್ ಎಂಬ ಪರೀಕ್ಷೆಯೇ ಅದರ ಹೆಬ್ಬಾಗಿಲು. ಕೋಲ್ಕತ್ತದ ಸತ್ಯಜಿತ್ ರಾಯ್ ಚಲನಚಿತ್ರ ಸಂಸ್ಥೆಯಲ್ಲಿಯೂ ಪದವಿಯ ಮೇಲಿನ ವ್ಯಾಸಂಗಕ್ಕೆ ಅನುಕೂಲವುಂಟು. ಸಿನಿಮಾದ ಭಾಷೆಯನ್ನೇ ಮುಖ್ಯವಾಗಿ ಕಲಿಯಬಯಸುವವರಿಗೆ ಅದು ಒಪ್ಪುವಂಥದು. ಬೆಂಗಳೂರಿನಲ್ಲಿಯೇ 1996ರಲ್ಲಿ ಹುಟ್ಟಿದ ಸೃಷ್ಟಿಯಂಥ ಖಾಸಗಿ ವಿದ್ಯಾಲಯಗಳಿವೆ. ಇವಲ್ಲದೆ ಊರೂರುಗಳಲ್ಲಿ, ಕೆಲವು ತಿಂಗಳುಗಳಲ್ಲಿ ಕಲಿಸಿ ಉದ್ಯೋಗ ಕೊಡಿಸುವೆವೆಂದು ಹೇಳುವ ತರಬೇತಿ ಕೇಂದ್ರಗಳೂ ಹೇರಳವಾಗಿವೆ.

ಒಳ್ಳೆಯ ಶಾಲೆಗಳೆಲ್ಲವೂ ಒಂದೇ ಬಗೆಯವಲ್ಲ. ಕ್ಯಾಲ್‌ಆರ್ಟ್ಸಿನ ಆ ವಿಭಾಗದಲ್ಲಿ ವಿದ್ಯಾರ್ಥಿಯು ವರ್ಷವರ್ಷವೂ ತನ್ನದೇ ಆದ ಕಿರುಚಿತ್ರವೊಂದನ್ನು ಮಾಡುವ ಪದ್ಧತಿಯುಂಟು. ಪ್ಯಾರಿಸಿನ ಗೋಬ್ಲೆ ಶಾಲೆಯಲ್ಲಾದರೋ ಕಡೆಯ ವರ್ಷದ ಚಿತ್ರವನ್ನು ಹಲವರು ಗುಂಪಾಗಿ ಮಾಡುವರು. ಮೊದಲನೆಯದು ತನ್ನ ಕಥೆಯನ್ನು ತಾನೇ ಹೇಳಬಯಸುವವರಿಗೆ ಹಿತ. ಎರಡನೆಯದು ಹತ್ತು ಜನರೊಡನೆ ಹೊಂದಿಕೊಂಡು ದುಡಿಯುವ ಶಿಸ್ತನ್ನು ಕಲಿಸುವುದು. ಮಗುವಿನ ಸ್ವಭಾವಕ್ಕೆ ಯಾವುದು ಹೊಂದುವುದೆಂಬುದನ್ನು ಶಾಲೆಯ ಕೀರ್ತಿಗಿಂತ ಮೊದಲು ಎಣಿಸಬೇಕು.

ಪರೀಕ್ಷಿಸುವ ಬಗೆ ಹೇಗೆ? ಶಾಲೆಯವರು ಅಚ್ಚು ಹಾಕಿಸಿದ ವಿವರಣ ಪತ್ರಿಕೆಯನ್ನು ಬದಿಗಿಟ್ಟು, ಅಲ್ಲಿಯ ವಿದ್ಯಾರ್ಥಿಗಳು ಕಳೆದ ಎರಡು ಮೂರು ವರ್ಷಗಳಲ್ಲಿ ಮಾಡಿದ ಚಿತ್ರಗಳನ್ನು ನೋಡಬೇಕು. ಅತ್ಯುತ್ತಮವಾದ ಒಂದೆರಡನ್ನು ನೋಡಿದರೆ ಸಾಲದು; ಸಾಧಾರಣ ವಿದ್ಯಾರ್ಥಿಯ ಚಿತ್ರ ಹೇಗಿದೆಯೆಂಬುದೇ ಅಧ್ಯಾಪಕರ ಯೋಗ್ಯತೆಯ ಅಳತೆ. ಎಲ್ಲರ ಚಿತ್ರಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದರೆ ಎಚ್ಚರಿಕೆಯಿರಲಿ. ಜೀವಂತ ಮಾದರಿಯನ್ನು ನೋಡಿ ಬರೆಯುವ ತರಗತಿ ವಾರಕ್ಕೆ ಎಷ್ಟು, ಅಧ್ಯಾಪಕರು ಸ್ವತಃ ಚಿತ್ರ ಮಾಡಿದವರೆ, ದೊರೆಯುವ ಪ್ರಮಾಣಪತ್ರವು ಮಾನ್ಯ ವಿಶ್ವವಿದ್ಯಾನಿಲಯದ ಪದವಿಯೆ ಎಂಬುದನ್ನು ಬಾಯಿಬಿಟ್ಟು ಕೇಳುವುದಕ್ಕೆ ಸಂಕೋಚವೇಕೆ? ಕೆಲಸ ಕೊಡಿಸುವ ಭರವಸೆಯನ್ನು ಬರೆದುಕೊಡುವರೆ, ನಡುವೆ ಬಿಟ್ಟರೆ ಶುಲ್ಕದಲ್ಲಿ ಎಷ್ಟು ಹಿಂದಿರುಗುವುದು ಎಂಬುದೂ ತಿಳಿದಿರಬೇಕು.

ಹಣದ ಮಾತನ್ನಾಡದೆ ತೀರದು. ಈ ಕಲೆಯಲ್ಲಿ ಹೊಸಬನ ಮೊದಲ ಸಂಬಳವು ದೊಡ್ಡದಾಗಿರಬೇಕೆಂದಿಲ್ಲ. ಕೆಲಸವೂ ಎಷ್ಟೋ ವೇಳೆ ಒಂದೊಂದು ಚಿತ್ರದ ಮಟ್ಟಿಗೆ ಮಾತ್ರ ದೊರೆಯುವುದು. ಮನೆಯನ್ನು ಒತ್ತೆಯಿಟ್ಟು ಪರದೇಶಕ್ಕೆ ಕಳುಹಿಸಿದರೆ, ಸಾಲದ ಕಂತಿಗಾಗಿ ಮಗುವು ತನಗೆ ಬೇಕಾದ ಕೆಲಸವನ್ನು ಬಿಟ್ಟು ಸಿಕ್ಕಿದ್ದನ್ನು ಹಿಡಿಯಬೇಕಾದೀತು. ಸಾಲವಿಲ್ಲದೆ ಮುಗಿಯುವ ಮಧ್ಯಮ ಶಾಲೆಯು ಸಾಲದ ಶ್ರೇಷ್ಠ ಶಾಲೆಗಿಂತ ಲೇಸೆನಿಸುವ ಸಂದರ್ಭಗಳು ಬಹಳ.

ಶುಲ್ಕ ಕಟ್ಟುವ ಮುನ್ನ ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಬಹುದು. ನೂರು ಹಾಳೆಯ ಸಣ್ಣ ಪುಸ್ತಕವನ್ನು ಮಗುವಿನ ಕೈಗೆ ಕೊಟ್ಟು, ಹಾಳೆಗಳ ಅಂಚಿನಲ್ಲಿ ಚೆಂಡು ಪುಟಿಯುವುದನ್ನೋ ಯಕ್ಷಗಾನದ ವೇಷಧಾರಿ ಹೆಜ್ಜೆಯಿಡುವುದನ್ನೋ ಬರೆದು, ಹಾಳೆಗಳನ್ನು ಸರಸರನೆ ಮಗುಚಿ ತೋರಿಸೆಂದು ಹೇಳಿ. ಇಪ್ಪತ್ತನೆಯ ಹಾಳೆಗೇ ಬೇಸರ ಬಂದರೆ ಆ ಸಂಗತಿ ಈಗಲೇ ತಿಳಿದುದು ಒಳ್ಳೆಯದಾಯಿತು. ನೂರೂ ಮುಗಿಸಿ, ಚೆನ್ನಾಗಿ ಬರಲಿಲ್ಲವೆಂದು ತಾನಾಗಿಯೇ ಇನ್ನೊಂದು ಪುಸ್ತಕವನ್ನು ಕೇಳಿದರೆ, ತಂದೆತಾಯಿಗಳು ಸಂಶಯವನ್ನು ಬಿಟ್ಟು ಶಾಲೆಯನ್ನು ಹುಡುಕಲು ಹೊರಡಬಹುದು.